ನಡೆಯುವ ಕಲ್ಲುಗುಪ್ಪೆ

ಒರತೆ ಎಲ್ಲಿತ್ತೋ ಅಲ್ಲೇ ಇತ್ತು. ನೀರು ಹುಟ್ಟಿದ ಜಾಗ ಬಿಟ್ಟು ಏಳುವುದಿಲ್ಲ. ಜರುಗಿದ್ದು ಕಲ್ಲುಗುಪ್ಪೆ. ಇದರಲ್ಲಿ ಬೇಷೆನ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವೆಲ್ಲ ಜರುಗಿಸಿದವರು ಯಾರು ಎಂಬುದರ ಮೇಲೆ. ಅದೂ ಈಚೆಗೆ ಅನುಮಾನವಾಗಿ ಉಳಿಯದೆ, ಬಿಳಿ ಗಡ್ಡವಿರುವ ಒಂದು ಮುಖವಾಗಿ ಅವನ ಕಣ್ಣೆದುರು ನಿಲ್ಲತೊಡಗಿತ್ತು.

ಕರಾ-ಬೆಲ್ ಘಾಟಿಯನ್ನು ಹಾದುಹೋಗುವವರೆಲ್ಲ ಒಂದೊಂದು ಕಲ್ಲು ಹಾಕಿ ಬೆಳೆಸಿದ ಗುಪ್ಪೆ ಅದು. ಅದರಿಂದ ಈಚೆಗೆ ನರಿನ್ ಪ್ರಾಂತ್ಯ, ಆಚೆಗೆ ಸರೋವರದ ಪ್ರಾಂತ್ಯ. ಈಚೆ ಬಿದ್ದ ಹನಿ ನರಿನ್ ಹೊಳೆ ಸೇರಿ ಪರದೇಶದ ಹತ್ತಿಹೊಲಗಳ ಪಾಲಾಗುತ್ತದೆ. ಆಚೆ ಬಿದ್ದದ್ದು ಇಸ್ಸಿಕ್-ಕುಲ್ ಸರೋವರ ಸೇರಿ ಅಲ್ಲೇ ಕೂರುತ್ತದೆ. ಕಡಲು ಕಾಣುವ ಭಾಗ್ಯ ಎರಡಕ್ಕೂ ಇಲ್ಲ. ಬೇಷೆನ್ ತನ್ನ ಒಬ್ಬಳೇ ಮಗಳು ಐಸಾಲ್ಕಿನ್‌ಳನ್ನು ಹೋದ ವರ್ಷ ಕೊಟ್ಟದ್ದು ಆಚೆ ಕಡೆಗೆ, ಒಮುರಾಲಿಯ ಮಗನಿಗೆ. ಆ ಕಡೆ ಇಳಿದ ಹನಿ ಈ ಕಡೆ ಬರುವುದುಂಟೇ ಎಂದು ಹೆಂಡತಿ ಬುಬುಸಾರಾ ಮದುವೆಯ ದಿನ ಅತ್ತಿದ್ದಳು.

ಬೇಷೆನ್ ಚಿಕ್ಕವನಿದ್ದಾಗ ಅಪ್ಪ ಅವನನ್ನು ಜೀನಿನ ಮುಂದೆ ಕೂರಿಸಿಕೊಂಡು ಘಾಟಿಗೆ ಕರೆದೊಯ್ಯುತ್ತಿದ್ದ. ಮೊದಲು ಒರತೆ ಸಿಗುತ್ತಿತ್ತು. ಕೆಂಪು ಕಲ್ಲುಗಳ ನಡುವಿನಿಂದ ಗುಳುಗುಳು ಎನ್ನುತ್ತ ಬರುವ ನೀರು. ಅದಕ್ಕೇ ಅದರ ಹೆಸರು ಕೆಂಪೊರತೆ. ಅಲ್ಲಿ ಕುದುರೆಗೆ ನೀರು ಕುಡಿಸಿ, ಒಂದು ಕೆಂಪು ಕಲ್ಲು ಆರಿಸಿಕೊಂಡು, ಇನ್ನೂ ಮೇಲೆ ಹತ್ತಿದರೆ ಗುಪ್ಪೆ. ಮೊದಲು ಒರತೆ, ಆಮೇಲೆ ಗುಪ್ಪೆ. ಅವನ ನೆನಪಿನಲ್ಲಿ ಅದು ಅಪ್ಪನ ಪದ್ಯದಷ್ಟೇ ಗಟ್ಟಿ.

ಈಗ ಮೊದಲು ಗುಪ್ಪೆ ಸಿಗುತ್ತದೆ. ಒರತೆ ಅದರ ಬೆನ್ನ ಹಿಂದೆ, ಜೌಗುಹುಲ್ಲಿನ ನಡುವೆ, ಆಚೆಯವರ ಕಡೆ ಇದೆ.

ಇಷ್ಟು ವರ್ಷ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಳೆಯ ಸಾಮೂಹಿಕ ಸಾಕಣೆಯ ಕಾಲದಲ್ಲಿ ಕುರಿಯೂ ಸರ್ಕಾರದ್ದು, ಹುಲ್ಲೂ ಸರ್ಕಾರದ್ದು; ಗಡಿ ಎಲ್ಲಿದ್ದರೆ ಯಾರಿಗೇನು? ಈಗ ಕುರಿ ಅವರವರದು, ಹುಲ್ಲು ಪಂಚಾಯ್ತಿಯದು. ಈ ಶುಕ್ರವಾರ ಅಳತೆಯವರು ಬಂದು ಘಾಟಿಯಲ್ಲಿ ಸಿಮೆಂಟಿನ ಕಂಬ ನೆಡುತ್ತಾರಂತೆ. "ಘಾಟಿಯ ಕಲ್ಲುಗುಪ್ಪೆಯೇ ಗಡಿ" ಎಂಬುದು ಎರಡೂ ಕಡೆಯವರು ಮೊದಲಿನಿಂದ ಒಪ್ಪಿಕೊಂಡು ಬಂದ ಮಾತು. ಗುಪ್ಪೆ ಇದ್ದಲ್ಲಿ ಕಂಬ ಬಿದ್ದರೆ ಕೆಂಪೊರತೆ ಆಚೆಯ ಪ್ರಾಂತ್ಯಕ್ಕೆ ಸೇರಿತು. ಕೆಳಗಿನ ಹಳ್ಳದ ನೀರು ಹಿಮಗಡ್ಡೆಯ ಕೆಸರು ಕಲಸಿ ಬೂದಿಬಣ್ಣ. ಮರಿ ಹಾಕಿದ ಕುದುರೆಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಒರತೆಯಿಲ್ಲದೆ ಇಲ್ಲಿ ಬೇಸಿಗೆ ಕಳೆಯುವ ಹಾಗಿಲ್ಲ. ಅಪ್ಪನ ಕಾಲದಿಂದ ಗುಡಾರ ಹಾಕಿ ಹಾಕಿ ಹುಲ್ಲಿನ ಮೇಲೆ ಬಳೆಯಂತೆ ಗುಂಡಗೆ ಬಿದ್ದ ಗುರುತು, ಅದರ ಮೇಲೆ ಮತ್ತೆ ಹುಲ್ಲು ಬೆಳೆಯುವುದನ್ನು ಬೇಷೆನ್ ಕಣ್ಣಾರೆ ನೋಡಬೇಕಾಗುತ್ತದೆ.

ವಿಷದ ಮೊದಲ ಹನಿ ಬಿಟ್ಟವನು ಪಕ್ಕದ ಗುಡಾರದ ಸಗಿನ್. ಕುರಿ ಎಣಿಸುವುದಕ್ಕಿಂತ ಊರವರ ತಪ್ಪು ಎಣಿಸುವುದರಲ್ಲಿ ಅವನು ನಿಪುಣ.

"ಬೇಷೆನಣ್ಣ, ನಿಮ್ಮ ಬೀಗ್ರಿಗೆ ಬೆನ್ನುನೋವು ಏನಾದ್ರೂ ಇದ್ಯಾ?"

"ಯಾಕೋ?"

"ಏನಿಲ್ಲ, ಕಲ್ಲು ಹೊತ್ತೋರಿಗೆ ಬರತ್ತಂತೆ. ಅದಕ್ಕೆ ಕೇಳ್ದೆ."

"ಸರಿಯಾಗಿ ಹೇಳೋ, ಗಂಟಲಲ್ಲಿ ಮೂಳೆ ಸಿಕ್ಕಿದೋನ ಥರ ಆಡ್ಬೇಡ."

"ಮೊನ್ನೆ ತಪ್ಪಿಸ್ಕೊಂಡ ಕುರಿ ಹುಡುಕ್ತಾ ಮೇಲಕ್ಕೆ ಹೋಗಿದ್ನಾ? ಒಮುರಾಲಿ ಯಜಮಾನ್ರು ಗುಪ್ಪೆ ಹತ್ರ ಒಬ್ರೇ ಇದ್ರು. ಕೋಟಿನ ಮಡಿಲು ತುಂಬಾ ಕಲ್ಲು. ನನ್ನ ನೋಡಿ ಸಲಾಮ್ ಅಂದ್ರು, ನಾನೂ ಅಂದೆ. ದೊಡ್ಡೋರು, ಯಾಕೆ ಏನು ಅಂತ ಕೇಳಕ್ಕಾಗತ್ತಾ?" ಸಗಿನ್ ಅಷ್ಟು ಹೇಳಿ ಆಕಾಶ ನೋಡಿದ. "ಬೀಗ್ರಲ್ವಾ, ಬಿಡಿ. ಕೊಬ್ಬು-ಈಲಿ ಒಟ್ಟಿಗೆ ತಿಂದೋರು ನೀವು."

ಹೆಣ್ಣು ಒಪ್ಪಿಸುವ ದಿನ ಕುರಿಬಾಲದ ಕೊಬ್ಬನ್ನೂ ಈಲಿ, ಅಂದರೆ ಯಕೃತ್ತನ್ನೂ ಒಂದೇ ತಟ್ಟೆಯಿಂದ ತಿಂದರೆ ಎರಡು ಮನೆಗಳ ನಡುವೆ ಆಣೆ ಬಿದ್ದ ಹಾಗೆ. ಆ ಆಣೆಯನ್ನು ಸಗಿನ್ ನೆನಪಿಸಿದ್ದು ಸಮಾಧಾನಕ್ಕಲ್ಲ, ಗಾಯದ ಮೇಲೆ ಉಪ್ಪಿಗೆ.

ಬೇಷೆನ್ ಮನೆಗೆ ಬಂದು ಹೆಂಡತಿಗೆ ಹೇಳಿದ. ಬುಬುಸಾರಾ ತೊಗಲಿನ ಚೀಲದಲ್ಲಿ ಕುದುರೆಹಾಲು ಕಡೆಯುತ್ತಿದ್ದಳು. ಕಡೆಗೋಲು ನಿಲ್ಲಲಿಲ್ಲ.

"ಸಗಿನ್ ಹೇಳಿದ್ನಾ? ಹಂಗಾದ್ರೆ ಅರ್ಧ ಕಳೀರಿ."

"ಅರ್ಧ ಕಳೆದ್ರೂ ಅರ್ಧ ಉಳಿಯತ್ತಲ್ಲೇ."

"ಉಳಿದಿದ್ದನ್ನ ಅವ್ರನ್ನೇ ಕೇಳಿ. ಬಾಯಿಲ್ವಾ ನಿಮಗೆ?"

"ಕಳ್ಳನ್ನ ಕದ್ದಿದ್ದೀಯಾ ಅಂತ ಕೇಳಿದ್ರೆ ಹೂಂ ಅಂತಾನಾ?"

"ನಿಮ್ಮ ಕಣ್ಣಿಗೆ ಕಾಮಾಲೆ ಬಂದಿದೆ ಕಣ್ರೀ," ಅಂದಳು ಬುಬುಸಾರಾ. "ನಾಳೆ ಮಗಳನ್ನ ಕರ್ಕೊಂಡು ಬರ್ತಾರೆ. ಮುಖ ನೆಟ್ಟಗಿಟ್ಕೊಳ್ಳಿ."

ಮಾರನೆಯ ದಿನ ಒಮುರಾಲಿ ಬಂದ. ಎತ್ತರದ ಆಳು, ಬಿಳಿ ಗಡ್ಡ, ಮಾತು ಕಮ್ಮಿ. ಕುದುರೆಯ ಎರಡೂ ಬದಿಗೆ ಚೀಲ: ಸರೋವರದ ಕಡೆಯ ಒಣ ಜಲ್ದರು ಹಣ್ಣು, ಒಣಗಿಸಿದ ಮೀನು, ಬುಬುಸಾರಾಗೆ ಒಂದು ರೇಷ್ಮೆ ರುಮಾಲು. ಹಿಂದಿನ ಕುದುರೆಯಲ್ಲಿ ಐಸಾಲ್ಕಿನ್. ಅವಳು ಇಳಿದು ಅಮ್ಮನ ಕುತ್ತಿಗೆಗೆ ಬಿದ್ದಳು. ಬೇಷೆನ್ ನಮ್ಮವರ ವಾಡಿಕೆಯಂತೆ ಮಗಳ ಹಣೆ ಮೂಸಿದ. ಆದರೆ ಕಣ್ಣು ಚೀಲಗಳ ಮೇಲಿತ್ತು. ಇಷ್ಟೊಂದು ಯಾಕೆ? ಹೋದ ಸಲ ಇದರ ಅರ್ಧವೂ ಇರಲಿಲ್ಲ. ಕೈ ತುಂಬಿ ಬರುವವನು ಏನನ್ನೋ ಮುಚ್ಚಲಿಕ್ಕೆ ಬರುತ್ತಾನೆ.

"ಘಾಟಿ ಹೇಗಿತ್ತು ಬೀಗ್ರೇ?" ಬೇಷೆನ್ ಕೇಳಿದ.

"ಗಾಳಿ. ಅಲ್ಲಿ ಯಾವತ್ತೂ ಗಾಳಿನೇ."

"ಹೊತ್ತಾಯ್ತೇನೋ ಅಲ್ಲಿ?"

ಒಮುರಾಲಿ ಜೀನಿನ ಪಟ್ಟಿ ಸಡಿಲಿಸಿದ. "ಒಂಚೂರು ಆಯ್ತು. ನಿಮ್ಮ ಹುಡುಗಿ, ನೀವು ಕೆಲಸ ಮುಗಿಸಿ ಬನ್ನಿ, ನಾನು ಮುಂದೆ ಇಳೀತಿರ್ತೀನಿ ಅಂದ್ಲು."

ಕೆಲಸ! ಆ ಗಾಳಿಯಲ್ಲಿ ಇವನಿಗೇನು ಕೆಲಸ? ಬೇಷೆನ್ ಒಮುರಾಲಿಯ ಕೈ ನೋಡಿದ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು.

ಕುರಿ ಕೊಯ್ದರು. ನಮ್ಮಲ್ಲಿ ಯಾರ ತಟ್ಟೆಗೆ ಯಾವ ಮೂಳೆ ಎಂಬುದು ಮಾತು ಕಲಿಯುವ ಮೊದಲೇ ಕಲಿಯುವ ಪಾಠ. ಸೊಂಟದ ಮೂಳೆ ಹಿರಿಯನಿಗೆ, ಎದೆಯ ಮಾಂಸ ಮನೆಮಗಳಿಗೆ, ಮುಂಗಾಲಿನ ಸಣ್ಣ ಮೂಳೆ ಕೊನೆಯಲ್ಲಿ ಕೂತವನಿಗೆ. ಬೀಗ ಬಂದಿದ್ದಾಗ ಸೊಂಟದ ಮೂಳೆ ಬೇರೆಲ್ಲೂ ಹೋಗುವಂತಿಲ್ಲ. ಬೇಷೆನ್ ತಾನೇ ಹಂಚಲು ಕೂತ. ಸೊಂಟದ ಮೂಳೆ ಎತ್ತಿದ. ಊಟಕ್ಕೆಂದು ತಾನಾಗಿಯೇ ಬಂದು ಬಾಗಿಲ ಬಳಿ ಕೂತಿದ್ದ ಸಗಿನ್‌ನ ತಟ್ಟೆಗೆ ಇಟ್ಟ. ಆಮೇಲೆ ಮುಂಗಾಲಿನ ಮೂಳೆ ತೆಗೆದು, ಎದುರಿಗೆ ಗೌರವದ ಜಾಗದಲ್ಲಿ ಕೂತಿದ್ದ ಒಮುರಾಲಿಯ ಮುಂದೆ ಇಟ್ಟ.

ಒಲೆಯ ಮೇಲಿನ ಕೆಟಲಿನ ಸದ್ದು ದೊಡ್ಡದಾಯಿತು.

"ಅಯ್ಯೋ, ನಂಗ್ಯಾಕಣ್ಣ ಇದು," ಅಂದ ಸಗಿನ್. ಅಂದವನು ಚಾಕು ತೆಗೆದು ಕೊಯ್ಯಲು ಶುರುಮಾಡಿದ.

ಐಸಾಲ್ಕಿನ್ ಅಪ್ಪನ ಮುಖ ನೋಡಿದಳು, ಮಾವನ ತಟ್ಟೆ ನೋಡಿದಳು. ಅವಳ ಕಿವಿ ಕೆಂಪಾಯಿತು. ಒಮುರಾಲಿ ಮೂಳೆಯನ್ನು ತಿರುಗಿಸಿ ನೋಡಿ, ಅದರ ಮೇಲಿದ್ದ ಅಷ್ಟಿಷ್ಟು ಮಾಂಸವನ್ನು ನಿಧಾನವಾಗಿ ಕೊಯ್ದು ತಿಂದ. "ಈ ಕಡೆ ಹುಲ್ಲಿಗೆ ರುಚಿ ಇದೆ," ಅಂದ. ಅಷ್ಟೇ.

ಹುಲ್ಲಿನ ಮೇಲೇ ಇವನ ಕಣ್ಣು, ಎಂದುಕೊಂಡ ಬೇಷೆನ್.

ಊಟವಾದ ಮೇಲೆ ಒಮುರಾಲಿ ಒಬ್ಬನೇ ಹೊರಟ. ಐಸಾಲ್ಕಿನ್ ಶುಕ್ರವಾರದವರೆಗೆ ಅಮ್ಮನ ಬಳಿ ಇರುವುದೆಂದಾಗಿತ್ತು. ಬೀಗನ ಕುದುರೆ ತಿರುವು ದಾಟುವುದನ್ನೇ ಕಾದಿದ್ದ ಬೇಷೆನ್, ದುರ್ಬೀನು ಕೊರಳಿಗೆ ಹಾಕಿಕೊಂಡು ಎದುರು ದಿಬ್ಬ ಹತ್ತಿ, ಜುನಿಪರ್ ಪೊದೆಯ ಹಿಂದೆ ಮಲಗಿದ.

ಬಿಸಿಲು ಚೆನ್ನಾಗಿತ್ತು. ಒಮುರಾಲಿ ಗುಪ್ಪೆಯ ಬಳಿ ಕುದುರೆಯಿಂದ ಇಳಿದ. ಸುತ್ತ ನೋಡಿದ. ಆ ನೋಟವೇ ಸಾಕು ಎನ್ನಿಸಿತು ಬೇಷೆನ್‌ಗೆ. ಪ್ರಾಮಾಣಿಕನಿಗೆ ಸುತ್ತ ನೋಡುವ ಕೆಲಸವೇನು? ಆಮೇಲೆ ಒಮುರಾಲಿ ಬಗ್ಗಿದ, ಎದ್ದ, ಇವನಿಗೆ ಬೆನ್ನು ಮಾಡಿ ಜೌಗಿನ ಅಂಚಿನಲ್ಲಿ ಏರು ಹತ್ತಿ ಮರೆಯಾದ. ಸ್ವಲ್ಪ ಹೊತ್ತಿಗೆ ಮತ್ತೆ ಕಾಣಿಸಿಕೊಂಡ. ಈಗ ಇತ್ತ ಮುಖ ಮಾಡಿ ಇಳಿಯುತ್ತಿದ್ದ. ಗಾಳಿಗೆ ಹಾರುವ ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದಿದ್ದ. ಗುಪ್ಪೆಯ ಬಳಿ ಬಂದು ಬಗ್ಗಿದ. ಎದ್ದ. ಮತ್ತೆ ಏರು ಹತ್ತಿದ. ಮತ್ತೆ ಇಳಿದ.

"ಹೊರ್ತಿದ್ದಾನೆ," ಬೇಷೆನ್ ಹಲ್ಲು ಕಚ್ಚಿಕೊಂಡ. "ಮೇಲಿಂದ ತಂದು ನಮ್ಮ ಕಡೆ ಸುರೀತಿದ್ದಾನೆ. ಹಾಡಹಗಲಲ್ಲಿ."

ಹೋಗುವುದನ್ನು ಕಣ್ಣು ನೋಡಿತು, ಬರುವುದನ್ನೂ ನೋಡಿತು. ಹೊರೆ ಯಾವಾಗ ಇತ್ತು ಎಂಬುದನ್ನು ಮಾತ್ರ ಮನಸ್ಸು ಹೇಳಿತು. ಅನುಮಾನಕ್ಕೆ ದುರ್ಬೀನು ಕೊಟ್ಟರೆ ಅದು ತನಗೆ ಬೇಕಾದ್ದನ್ನೇ ಹತ್ತಿರ ತರುತ್ತದೆ.

ಸಂಜೆ ಮಗಳು ಕುದುರೆಗಳ ಬಳಿ ಅವನನ್ನು ಹಿಡಿದಳು.

"ಅಪ್ಪಾ, ಆ ಮೂಳೆ ಯಾಕೆ ಕೊಟ್ಟೆ?"

"ಕೈ ತಪ್ಪಿತು."

"ನಿನ್ನ ಕೈ ತಪ್ಪಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ. ನಾನು ಆ ಮನೇಲಿ ಬದುಕ್ಬೇಕು ಅಪ್ಪಾ. ನಾಳೆ ಒಲೆ ಮುಂದೆ ಕೂತಾಗ ಅತ್ತೆ ಕೇಳ್ತಾರೆ, ನಿಮ್ಮಪ್ಪ ಏನು ಬಡಿಸಿದ್ರು ಅಂತ. ಏನು ಹೇಳ್ಲಿ?"

"ನಿನ್ನ ಮಾವನ್ನೇ ಕೇಳು, ಘಾಟೀಲಿ ಏನು ಮಾಡ್ತಾರೆ ಅಂತ."

"ಕೇಳಿದೀನಿ."

"ಏನಂದ?"

"ಚದುರಿದ್ದನ್ನ ಮನೆಗೆ ಸೇರಿಸ್ತಿದೀನಿ ಅಂದ್ರು. ನಂಗೆ ಅರ್ಥ ಆಗ್ಲಿಲ್ಲ, ಮತ್ತೆ ಕೇಳ್ಲಿಲ್ಲ."

"ನಂಗೆ ಅರ್ಥ ಆಯ್ತು," ಅಂದ ಬೇಷೆನ್. "ನಮ್ಮ ಒರತೇನ ತನ್ನ ಮನೆಗೆ ಸೇರಿಸ್ತಿದ್ದಾನೆ."

ಶುಕ್ರವಾರ ಬೆಳಿಗ್ಗೆ ಎಲ್ಲರೂ ಘಾಟಿಗೆ ಹೊರಟರು. ಅಧಿಕಾರಿಗಳು ಬರುವಲ್ಲಿ ಬರಿಗೈಯಲ್ಲಿ ಹೋಗಬಾರದೆಂದು ಬುಬುಸಾರಾ ರೊಟ್ಟಿ, ಕೆನೆ, ಹುಳಿ ಬಂದ ಕುದುರೆಹಾಲು ಕಟ್ಟಿದಳು. ಐಸಾಲ್ಕಿನ್ ಚಹಾದ ಕೆಟಲು ಹಿಡಿದಳು. ಗುಪ್ಪೆ ಹತ್ತಿರವಾದಾಗ ಬೇಷೆನ್ ಎಂದಿನಂತೆ ಜೀನಿನ ಮೇಲೇ ಕೂತು, ಒರತೆಯ ತೊರೆಯಿಂದ ಎತ್ತಿ ಜೇಬಿನಲ್ಲಿಟ್ಟುಕೊಂಡಿದ್ದ ಕೆಂಪು ಕಲ್ಲನ್ನು ಬೀಸಿ ಎಸೆದ. ಎಸೆಯುತ್ತ ಅಪ್ಪ ಕಲಿಸಿದ ಪದ್ಯ ಹೇಳಿದ. ಬಾಯಿಗೆ ಅದು ಉಸಿರಿನಷ್ಟು ಸಲೀಸು:

"ಕುದುರೆಯಿಳಿ, ನೆಲ ಮುಟ್ಟು,
ಕಲ್ಲನೆತ್ತು, ನೆತ್ತಿಗಿಡು;
ಇಟ್ಟವನ ದಾರಿ ನೆಟ್ಟಗಿರಲಿ,
ಇಡದವನ ದಾರಿಯೂ ಇರಲಿ."

ಕಲ್ಲು ಗುಪ್ಪೆಯ ಈಚೆ ಮಗ್ಗುಲಿಗೆ ತಾಗಿ, ಉರುಳಿ, ಕುದುರೆಯ ಕಾಲ ಬಳಿ ನಿಂತಿತು. ಹಿಂದಿದ್ದ ಸಗಿನ್ ಕೂಡ ಹಾಗೇ ಒಂದು ಎಸೆದ. ನಮ್ಮ ಕಡೆಯವರೆಲ್ಲ ಹಾಗೇ. ಮೇಲೆ ಬೆಟ್ಟದ ನೆತ್ತಿಯ ಏಣಿನಲ್ಲಿ ಗಾಳಿ ಹೊಡೆತಕ್ಕೆ ಕುದುರೆ ನಿಲ್ಲುವುದಿಲ್ಲ. ಅಲ್ಲದೆ ಅಲ್ಲಿ ಹುಲ್ಲು ಮುಚ್ಚಿದ ಒಂದು ದಿಬ್ಬವಿದೆ, ಯಾರದೋ ಹಳೆಯ ಗೋರಿಯಂತೆ. ಅದರ ಬಳಿ ಬಂದರೆ ಟೋಪಿ ಕಣ್ಣಿಗೆಳೆದು, ಅಂಗೈಯಿಂದ ಮುಖ ಸವರಿ, ಬಳಸಿಕೊಂಡು ಹೋಗಿಬಿಡುವುದು ವಾಡಿಕೆ.

ಅಳತೆಯ ಅಧಿಕಾರಿ ಬೆರ್ಮೆತ್ ಎಂಬ ನಡುವಯಸ್ಸಿನ ಹೆಂಗಸು. ಜೀಪು ನಿಲ್ಲಿಸಿ, ಮೂರು ಕಾಲಿನ ಯಂತ್ರ ನಿಲ್ಲಿಸಿ, ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಆಚೆ ಕಡೆಯಿಂದ ಒಮುರಾಲಿ ಕುದುರೆಯನ್ನು ಕೈಯಲ್ಲಿ ಹಿಡಿದು ನಡೆದು ಬಂದ. ಆ ಕಡೆಯ ಏರು ತೀರಾ ಕಡಿದು, ಕುದುರೆಯ ಮೇಲೆ ಕೂತು ಬರುವ ಹಾಗಿಲ್ಲ.

"ಎರಡೂ ಕಡೆಯ ಹಿರಿಯರು ನೀವೇನಾ?" ಬೆರ್ಮೆತ್ ಕೇಳಿದಳು. "ಒಂದು ತೊಡಕಿದೆ. ನೀರು ಇಬ್ಭಾಗ ಆಗೋ ಏಣೇ ಗಡಿ, ಅಲ್ಲಿ ಕಲ್ಲುಗುಪ್ಪೆ ಇದೆ ಅಂತ ನಮಗೆ ಹೇಳಿ ಕಳಿಸಿದ್ದಾರೆ. ಆದ್ರೆ ಏಣು ಮೇಲಿದೆ, ಗುಪ್ಪೆ ಇಲ್ಲಿ ಕೆಳಗಿದೆ. ನೀವಿಬ್ರೂ ಒಂದೇ ಜಾಗ ತೋರಿಸಿದ್ರೆ ಅಲ್ಲಿ ಕಂಬ ಹಾಕ್ತೀನಿ. ಒಮ್ಮತ ಇಲ್ಲ ಅಂದ್ರೆ ಕಣ್ಣಿಗೆ ಕಾಣೋ ಗುಪ್ಪೆನೇ ಗಡಿ."

ಒಮುರಾಲಿ ಬಾಯಿ ತೆರೆಯುವಷ್ಟರಲ್ಲಿ ಬೇಷೆನ್ ಕುದುರೆಯನ್ನು ನಡುವೆ ನುಗ್ಗಿಸಿದ.

"ಕೆಳಗ್ಯಾಕಿದೆ ಅಂತ ಈ ಮನುಷ್ಯನ್ನ ಕೇಳಿ ಮೇಡಂ! ಸ್ವಂತ ಕೈಯಲ್ಲಿ ಹೊತ್ತು ತಂದಿದ್ದಾನೆ. ನನ್ನ ಕಣ್ಣಾರೆ ನೋಡಿದ್ದೀನಿ. ಮಗಳನ್ನ ಕೊಟ್ಟೆ, ಸಾಲ್ಲಿಲ್ಲ. ಈಗ ನೀರಿಗೆ ಕೈ ಹಾಕಿದ್ದಾನೆ. ಬೀಗತನ ಅಲ್ಲ ಇದು, ಕಳ್ಳತನ!"

ಕುದುರೆಯ ಮೇಲಿಂದ ಆಡಿದ ಮಾತು ಎತ್ತರದಿಂದ ಬಿದ್ದಿತು. ಒಮುರಾಲಿ ತಲೆಯೆತ್ತಿ ಅವನನ್ನು ನೋಡಿದ.

"ಮೊನ್ನೆ ಮೂಳೆ ಕೊಟ್ರಿ, ತಿಂದೆ," ಅಂದ ಅವನು ಮೆತ್ತಗೆ. "ಇದನ್ನ ನುಂಗಕ್ಕಾಗಲ್ಲ ಬೀಗ್ರೇ." ಮೂರು ಕಾಲಿನ ಯಂತ್ರದ ಕಡೆ ತಿರುಗಿ, "ಮೇಡಂ, ನಮ್ಮ ಕಡೆಯಿಂದ ಮಾತಾಡೋಕೆ ನಾನಿಲ್ಲ. ನಿಮ್ಮ ಕಣ್ಣಿಗೆ ಕಂಡ ಹಾಗೆ ಮಾಡಿ," ಅಂದ. ಲಗಾಮು ಹಿಡಿದು ಬಂದ ದಾರಿಗೆ ತಿರುಗಿದ.

"ಹಾಗಾದ್ರೆ ಗುಪ್ಪೆನೇ," ಅಂದಳು ಬೆರ್ಮೆತ್, ಬೇಸರದಿಂದ.

ಬೇಷೆನ್‌ಗೆ ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಕಳ್ಳ ಹೊರಟುಹೋದರೆ ಕದ್ದದ್ದು ಅವನ ಪಾಲಿಗೇ ಉಳಿಯುತ್ತದಲ್ಲ! ಒರತೆ ಉಳಿಸಿಕೊಳ್ಳಲು ಬಂದವನು ಅದನ್ನು ಕೈಯಾರೆ ಆಚೆ ದಾಟಿಸುತ್ತಿದ್ದಾನೆ ಎಂದು ಹೊಳೆಯುವಷ್ಟರಲ್ಲಿ ಐಸಾಲ್ಕಿನ್ ಕುದುರೆಯಿಂದ ಧುಮುಕಿ, ಕೆಟಲು ಹಿಡಿದು ಗುಪ್ಪೆಯ ಮುಂದೆ ಬಂದು ನಿಂತಳು.

"ಮಾವಾ, ನಿಲ್ಲಿ. ಅಪ್ಪಾ, ಇಲ್ನೋಡು."

ಗುಪ್ಪೆಯ ಬುಡದಲ್ಲಿ ಚಹಾ ಸುರಿದಳು. ಅದು ಹುಲ್ಲಿನ ಬುಡ ಹಾದು, ತಡವರಿಸದೆ, ನರಿನ್ ಕಡೆಗೆ ಇಳಿದುಹೋಯಿತು. ಆಚೆಗೆ ಒಂದು ಹನಿಯೂ ಹೋಗಲಿಲ್ಲ.

"ಒರತೆ ನೀರೂ ಹಿಂಗೇ ನಮ್ಮ ಕಡೆಗೇ ಹರಿಯತ್ತೆ. ಗುಪ್ಪೆ ಇಲ್ಲಿರಬಾರ್ದು. ಅದು ನಿಂಗೂ ಗೊತ್ತು, ಮಾವಂಗೂ ಗೊತ್ತು. ಯಾರು ತಂದ್ರು ಅಂತ ಕಲ್ಲನ್ನೇ ಕೇಳು. ಯಾವ ಬಣ್ಣ ಇದೆ?"

"ಕಲ್ಲಿಗೇನು ಬಣ್ಣ..." ಅಂದ ಬೇಷೆನ್. ನೋಡಿದ.

ಕೆಂಪು. ಗುಪ್ಪೆಯೆಲ್ಲ ಕೆಂಪು. ಬುಡದಿಂದ ತುದಿಯವರೆಗೆ ಕೆಂಪೊರತೆಯ ತೊರೆಯ ಕಲ್ಲು. ಆಚೆಯ ಇಳಿಜಾರಿನಲ್ಲಿ ಸಿಗುವುದು ಕಪ್ಪು ಹಲಗೆಕಲ್ಲು. ಅಲ್ಲಿಂದ ಹೊತ್ತು ತಂದದ್ದಾದರೆ ಒಂದಾದರೂ ಕಪ್ಪು ಇರಬೇಕಿತ್ತು. ಈ ಕೆಂಪನ್ನು ಎತ್ತುವವರು ಒರತೆಯ ದಾರಿಯಲ್ಲಿ ಹತ್ತುವವರು ಮಾತ್ರ. ಅವನ ಅಪ್ಪ, ಅವನು, ಸಗಿನ್, ಸಗಿನ್‌ನ ಅಪ್ಪ. ಈಗಷ್ಟೇ ತಾನು ಎಸೆದ ಕಲ್ಲು ಒದ್ದೆ ಆರದೆ ಕುದುರೆಯ ಗೊರಸಿನ ಬಳಿ ಹೊಳೆಯುತ್ತಿತ್ತು. ನಾಳೆ ಬರುವವನು ಅದನ್ನೇ ಗುಪ್ಪೆಯ ಅಂಚೆಂದು ಬಗೆದು ಅದಕ್ಕೆ ಗುರಿಯಿಟ್ಟು ಎಸೆಯುತ್ತಾನೆ. ಅದೂ ಮುಟ್ಟದೆ ಇನ್ನೊಂದಿಷ್ಟು ಈಚೆ ಬೀಳುತ್ತದೆ.

"ಕುದುರೆಯಿಳಿ..." ಅವನ ತುಟಿ ತಾನಾಗಿ ಅಂದಿತು. ಪದ್ಯ ಬಾಯಲ್ಲಿ ಸವೆದು ಸವೆದು ಅದರ ಮಾತು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಕುದುರೆಯಿಳಿ, ನೆಲ ಮುಟ್ಟು, ನೆತ್ತಿಗಿಡು. ಅಪ್ಪ ಇಳಿಯುತ್ತಿದ್ದನೇ? ಮಗುವನ್ನು ಜೀನಿನ ಮೇಲೆ ಬಿಟ್ಟು ಅಪ್ಪ ಎಲ್ಲಿಗೋ ಮೇಲಕ್ಕೆ ನಡೆದು ಮರೆಯಾಗುತ್ತಿದ್ದುದು, ತಾನು ಹೆದರಿ ಅಳುತ್ತಿದ್ದುದು, ಒಂದು ಸಲ ಅಪ್ಪ "ಹೋಗ್ಲಿ ಬಿಡು, ಇವತ್ತು ಇಲ್ಲಿಂದಲೇ ಹಾಕೋಣ" ಎಂದದ್ದು ಎಲ್ಲವೂ ಒಟ್ಟಿಗೆ ನೆನಪಾಯಿತು.

ಬೇಷೆನ್ ಕುದುರೆಯಿಂದ ಇಳಿದ. ಎಲ್ಲರೂ ನೋಡುತ್ತಿದ್ದಂತೆ ಜೌಗಿನ ಅಂಚಿನಲ್ಲಿ ಓಡಿ, ಏರಿನ ಬುಡದಲ್ಲಿ ಒಮುರಾಲಿಯ ಕುದುರೆಯ ಲಗಾಮು ಹಿಡಿದ. ಹಿರಿಯ ಅತಿಥಿ ಬಂದಾಗ ಮನೆಯವರು ಹಿಡಿಯುವ ಹಾಗೆ, ಎರಡೂ ಕೈಯಲ್ಲಿ.

"ಬೀಗ್ರೇ, ನಿಲ್ಲಿ."

"ಬಿಡಿ ಬೇಷೆನ್."

"ಬಿಡಲ್ಲ. ಬೈಯೋದಿದ್ರೆ ಬೈಯಿರಿ. ನೀವು ಕಲ್ಲು ಎಲ್ಲಿಂದ ಎಲ್ಲಿಗೆ ಹೊರ್ತಿದ್ರಿ?"

ಒಮುರಾಲಿ ಏರಿನ ಕಡೆ ಕೈ ತೋರಿಸಿದ. ಆಮೇಲೆ, "ಕಾಲು ಊರಿ ನೋಡ್ತಾ ಬನ್ನಿ," ಅಂದ.

ಜೌಗುಹುಲ್ಲಿನಲ್ಲಿ ಅವನ ಹಿಂದೆ ಬೇಷೆನ್ ನಡೆದ. ಪಾಚಿಯ ಕೆಳಗೆ ಬೂಟಿಗೆ ಗಟ್ಟಿ ತಾಗುತ್ತಿತ್ತು. ಕಲ್ಲು, ಮತ್ತೆ ಕಲ್ಲು. ನಡುದಾರಿಯ ಗುಪ್ಪೆಯನ್ನೆಲ್ಲ ಒರತೆಯ ಕೆಸರು ನುಂಗಿ ಕೂತಿತ್ತು. ಹತ್ತುತ್ತ ಹತ್ತುತ್ತ ಇಬ್ಬರೂ ಏಣಿನ ಮೇಲೆ ಬಂದರು. ಗಾಳಿ ಕಪಾಳಕ್ಕೆ ಹೊಡೆಯಿತು. ಗೋರಿ ಎಂದು ಅವನು ಜೀವನವಿಡೀ ಬಳಸಿ ಹೋಗಿದ್ದ ದಿಬ್ಬ ಎದುರಿಗಿತ್ತು. ಅದರ ಒಂದು ಮಗ್ಗುಲು ಆಚೆಯವರು ಇಟ್ಟ ಕಪ್ಪು ಹಲಗೆಕಲ್ಲು, ಹುಲ್ಲು ಹಿಡಿದದ್ದು. ಇನ್ನೊಂದು ಮಗ್ಗುಲಲ್ಲಿ, ಪಾಚಿಯಿಲ್ಲದೆ, ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ ಹೊಸ ಕೆಂಪು ಕಲ್ಲುಗಳು.

"ಇದು ಗೋರಿ ಅಲ್ವಾ?"

"ನಿಮ್ಮ ಕಡೆಯವ್ರು ಮುಖ ಸವರ್ಕೊಂಡು ಹೋಗೋದು ನೋಡಿ ನಂಗೆ ನಗು ಬರ್ತಿತ್ತು. ಗುಪ್ಪೆಯ ನೆತ್ತಿ ಇದು. ಕೆಳಗಿರೋದು ಬಾಲ. ಇಡೋಕೆ ಅಂತ ತಂದ ಕಲ್ಲು ಅರ್ಧ ದಾರೀಲಿ ಬಿದ್ದಿರೋದು ನೋಡೋಕಾಗ್ತಿರ್ಲಿಲ್ಲ. ಒಬ್ಬೊಬ್ರ ಬೇಡಿಕೆ ಒಂದೊಂದು ಕಲ್ಲು. ಹಾದುಹೋಗುವಾಗೆಲ್ಲ ಒಂದಿಷ್ಟು ಮೇಲಕ್ಕೆ ತಂದಿಡ್ತಿದ್ದೆ. ಕಂಬ ಬರತ್ತೆ ಅಂತ ಕೇಳಿದ್ಮೇಲೆ ಇನ್ನೊಂಚೂರು ಜಾಸ್ತಿ."

"ಹೇಳ್ಬಾರ್ದಿತ್ತಾ?"

"ಗಡಿ ನಿಮ್ಮ ಕಡೆ ಬಂದಿದೆ, ವಾಪಸ್ ತಳ್ತೀನಿ ಅಂತ ನಾನು ಬಂದು ಹೇಳಿದ್ರೆ ನೀವೇನಂತಿದ್ರಿ? ಇವನಿಗೆ ಇದ್ರಿಂದೇನು ಲಾಭ ಅಂತ ಮೂರು ರಾತ್ರಿ ನಿದ್ದೆ ಬಿಡ್ತಿದ್ರಿ."

ಅದು ನಿಜವಾಗಿತ್ತು. ಈಗಲೂ ಬೇಷೆನ್‌ನ ಮನಸ್ಸಿನ ಒಂದು ಮೂಲೆ, ಇವನಿಗೆ ಇದರಿಂದೇನು ಲಾಭ ಎಂದು ಮೆಲ್ಲಗೆ ಕೇಳುತ್ತಲೇ ಇತ್ತು. ಅದನ್ನು ಅವನು ನಾಯಿಗೆ ಗದರುವಂತೆ ಗದರಿದ.

ಬೆರ್ಮೆತ್ ಏದುಸಿರು ಬಿಡುತ್ತ ಹತ್ತಿ ಬಂದಳು, ಹಿಂದೆಯೇ ಐಸಾಲ್ಕಿನ್. ಮಗಳು ಕೆಟಲಿನಲ್ಲಿ ಉಳಿದದ್ದನ್ನು ದಿಬ್ಬದ ನೆತ್ತಿಯ ಮೇಲೆ ಹೊಯ್ದಳು. ಚಹಾ ಒಂದು ಗಳಿಗೆ ಯೋಚಿಸುವಂತೆ ನಿಂತು, ಒಂದಿಷ್ಟು ನರಿನ್ ಕಡೆಗೆ, ಒಂದಿಷ್ಟು ಸರೋವರದ ಕಡೆಗೆ ಹರಿಯಿತು.

"ಇಬ್ರೂ ಇದನ್ನೇ ತೋರಿಸ್ತೀರಾ?" ಬೆರ್ಮೆತ್ ಕೇಳಿದಳು.

"ಇದನ್ನೇ," ಅಂದ ಒಮುರಾಲಿ.

"ಇದನ್ನೇ," ಅಂದ ಬೇಷೆನ್.

ಕಂಬ ನೆಡಲು ಗುಂಡಿ ತೋಡತೊಡಗಿದರು. ಕೆಂಪೊರತೆ ಈಚೆ ಉಳಿಯಿತು. ಬೇಷೆನ್‌ಗೆ ಬಂದ ಸಂತೋಷ ಗಂಟಲಿಗಿಂತ ಕೆಳಗೆ ಇಳಿಯಲಿಲ್ಲ. ಗೆದ್ದವನು ಹೀಗೆ ಇರುವುದಿಲ್ಲ.

ಅವನು ಕೆಳಗಿಳಿದು, ಕೋಟಿನ ಮಡಿಲು ಬಿಚ್ಚಿ, ಬಾಲದ ಕಲ್ಲುಗಳನ್ನು ತುಂಬತೊಡಗಿದ. ಮೊದಲು ತುಂಬಿದ್ದು ಬೆಳಿಗ್ಗೆ ತಾನೇ ಎಸೆದದ್ದನ್ನು. ಗಾಳಿಗೆ ಎದುರಾಗಿ ಹತ್ತಿದ, ಇಟ್ಟ, ಬರಿ ಕೋಟನ್ನು ಹೊಟ್ಟೆಗೆ ಒತ್ತಿಕೊಂಡು ಇಳಿದ. ಆಗ ಗೊತ್ತಾಯಿತು, ದುರ್ಬೀನಿನಲ್ಲಿ ಕಂಡದ್ದೇನೆಂದು. ಇಳಿಯುವಾಗ ಎಲ್ಲರೂ ಹೊರೆ ಹೊತ್ತವರ ಹಾಗೇ ಕಾಣುತ್ತಾರೆ.

"ಸಗಿನ್," ಬುಬುಸಾರಾ ಕೂಗಿದಳು, "ಸೊಂಟದ ಮೂಳೆ ತಿಂದೋನು ನೀನು. ಬಾ, ಸೊಂಟ ಬಗ್ಸು."

ಸಗಿನ್ ಗೊಣಗುತ್ತ ಬಂದು ಕಲ್ಲು ಎತ್ತಿದ.

ಮಧ್ಯಾಹ್ನ ರೊಟ್ಟಿ ಬಿಚ್ಚಿದರು. ಬೇಷೆನ್ ಒರತೆಯಲ್ಲಿ ಕೈ ತೊಳೆದು, ಕುದುರೆಹಾಲಿನ ಮೊದಲ ಬಟ್ಟಲು ತುಂಬಿ, ಎರಡೂ ಕೈಯಲ್ಲಿ ಒಮುರಾಲಿಯ ಮುಂದೆ ಹಿಡಿದ. ಒಮುರಾಲಿ ಬಟ್ಟಲು ತೆಗೆದುಕೊಂಡು, ಮೂಗಿಗೆ ಹಿಡಿದು ಮೂಸಿದ. ಬಟ್ಟಲಿನ ಅಂಚಿನ ಮೇಲಿಂದ ಬೇಷೆನ್‌ನನ್ನು ಓರೆಯಾಗಿ ನೋಡಿದ.

"ಏನೂ ಬೆರೆಸಿಲ್ಲ ತಾನೆ ಬೀಗ್ರೇ?"

ಬುಬುಸಾರಾ ನಕ್ಕಳು, ಬೆರ್ಮೆತ್ ನಕ್ಕಳು, ಸಗಿನ್ ಎಲ್ಲರಿಗಿಂತ ಜೋರಾಗಿ ನಕ್ಕ. ಐಸಾಲ್ಕಿನ್ ನಗಲಿಲ್ಲ. ಅವಳು ಮಾವ ಕುಡಿಯುವವರೆಗೆ ಬಟ್ಟಲನ್ನೇ ನೋಡುತ್ತಿದ್ದಳು.

ಒಮುರಾಲಿ ಕುಡಿದ. ತಳದವರೆಗೆ ಕುಡಿದು, ಬಟ್ಟಲು ಮಗುಚಿ ತೋರಿಸಿದ.

"ಮುಂದಿನ ವಾರ ಕುರಿ ಕೊಯ್ತೀವಿ," ಬೇಷೆನ್ ಹೇಳಿದ. ಮಾತು ಬೀಗನಿಗೆ, ಕಣ್ಣು ಮಗಳ ಮೇಲೆ. "ನೀವು ಬರ್ಬೇಕು. ಮನೆಯವ್ರನ್ನೂ ಕರ್ಕೊಂಡು ಬನ್ನಿ. ಅವ್ರ ಕಣ್ಣೆದುರಿಗೇ ಹಂಚ್ತೀನಿ."

"ಬರ್ತೀವಿ," ಅಂದ ಒಮುರಾಲಿ.

ಐಸಾಲ್ಕಿನ್ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಕೆಂಪು ಕಲ್ಲನ್ನು ಎದೆಗಪ್ಪಿ ತಂದು, ಅಪ್ಪನ ಮಡಿಲಿಗೆ ಹಾಕಿದಳು. ಭಾರವಾಗಿತ್ತು. ಬೇಷೆನ್ ಎದ್ದು ಏರಿನ ಕಡೆಗೆ ನಡೆದ.